ಸ್ವರಕ್ಕೆ ಬರೆದ ಲೆಕ್ಕ: ಯಾವುದು ಚರ, ಯಾವುದು ನಿಯತಾಂಕ?

ಶಬ್ದವೆಂಬ ಅಧ್ಯಾಯವನ್ನು ಬೋಧಿಸುವಾಗ ನಾವು ಪ್ರತಿ ವರ್ಷವೂ ಕರಿಹಲಗೆಯ ಮೇಲೆ ಒಂದು ಸೂತ್ರವನ್ನು ಬರೆಯುತ್ತೇವೆ. ಬಿಗಿದು ಕಟ್ಟಿದ ತಂತಿಯ ಆವೃತ್ತಿಯು ಅದರ ಉದ್ದಕ್ಕೆ ವಿಲೋಮವಾಗಿಯೂ, ಎಳೆತದ ವರ್ಗಮೂಲಕ್ಕೆ ಅನುಲೋಮವಾಗಿಯೂ, ಒಂದು ಮೀಟರ್ ತಂತಿಯ ದ್ರವ್ಯರಾಶಿಯ ವರ್ಗಮೂಲಕ್ಕೆ ವಿಲೋಮವಾಗಿಯೂ ಇರುತ್ತದೆ ಎಂಬುದೇ ಆ ಸೂತ್ರ. ವಿದ್ಯಾರ್ಥಿಗಳು ಅದನ್ನು ಬರೆದುಕೊಳ್ಳುತ್ತಾರೆ. ಲೆಕ್ಕ ಕೊಟ್ಟರೆ ಮಾಡುತ್ತಾರೆ. ಪರೀಕ್ಷೆಯಲ್ಲಿ ಅಂಕಗಳನ್ನೂ ಪಡೆಯುತ್ತಾರೆ. ಆದರೆ, ತಂತಿಯು ನುಡಿಯುತ್ತಿರುವಾಗ ಈ ಅಕ್ಷರಗಳಲ್ಲಿ ಯಾವುದು ಬದಲಾಗುತ್ತಿದೆ, ಯಾವುದು ಸುಮ್ಮನೆ ನಿಂತಿದೆ, ಎಂದು ಕೇಳಿದೆವೆಂದರೆ ತರಗತಿಯು ಮೌನವಾಗುತ್ತದೆ.

ಈ ಮೌನಕ್ಕೆ ವಿದ್ಯಾರ್ಥಿಗಳು ಕಾರಣರಲ್ಲ. ಸೂತ್ರದಲ್ಲಿರುವ ಅಕ್ಷರಗಳೆಲ್ಲವೂ ಒಂದೇ ಜಾತಿಯವು ಎಂಬಂತೆ ನಾವು, ಅಧ್ಯಾಪಕರು, ಕಲಿಸುತ್ತ ಬಂದಿದ್ದೇವೆ. ಬೆಲೆಯನ್ನು ಹಾಕು, ಉತ್ತರವನ್ನು ತೆಗೆ: ಇಷ್ಟೇ ಪಾಠ. ಚರವೆಂದರೇನು, ನಿಯತಾಂಕವೆಂದರೇನು, ಅವೆರಡಕ್ಕೂ ಇರುವ ಭೇದವೇನು ಎಂಬ ಮಾತು ಗಣಿತದ ಪುಸ್ತಕದ ಯಾವುದೋ ಮೂಲೆಯಲ್ಲಿ ಉಳಿದುಬಿಡುತ್ತದೆ. ಈ ಭೇದವನ್ನು ಕಿವಿಗೇ ಕೇಳಿಸುವಂತೆ ಕಲಿಸಬಲ್ಲ ಸಾಧನವೊಂದು ಈಗ ನಮ್ಮ ಕೈಗೆಟುಕುವಂತಿದೆ. ನಾದವನ್ನು ನಿರ್ಮಿಸುವ ಗಣಕಭಾಷೆಯೇ ಆ ಸಾಧನ. ಬಿಡದಿಯ ಸುತ್ತಿನ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳೊಡನೆ ಅದನ್ನು ಬಳಸಿ ನೋಡಿದಾಗ ನಮಗೆ ತೋರಿದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಗಣಕಯಂತ್ರಕ್ಕೆ ಹಾಡಲು ಕಲಿಸಿದ ಕಥೆ ೧೯೫೭ರಷ್ಟು ಹಳೆಯದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಎಂಬ ಎಂಜಿನಿಯರು ಆ ವರ್ಷ ‘ಮ್ಯೂಸಿಕ್-೧’ ಎಂಬ ಪ್ರೋಗ್ರಾಮನ್ನು ಬರೆದು, ಐಬಿಎಂ ೭೦೪ ಯಂತ್ರದಿಂದ ಹದಿನೇಳು ಸೆಕೆಂಡುಗಳ ಪುಟ್ಟ ಸಂಗೀತವನ್ನು ಹೊರಡಿಸಿದರು. ಅದರ ತತ್ತ್ವ ಸರಳವಾದುದು. ಶಬ್ದವೆಂದರೆ ಗಾಳಿಯ ಒತ್ತಡದ ಏರಿಳಿತ. ಆ ಏರಿಳಿತವನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಅಂಕಿಗಳಾಗಿ ಬರೆದಿಡಬಹುದಾದರೆ, ಅಂಕಿಗಳನ್ನು ನಾವೇ ಲೆಕ್ಕ ಹಾಕಿ ಬರೆದು ಅವುಗಳಿಂದ ಏರಿಳಿತವನ್ನು ಹುಟ್ಟಿಸಲೂಬಹುದಷ್ಟೆ. ಇಂದಿನ ಸಾಧಾರಣ ಧ್ವನಿಮುದ್ರಣದಲ್ಲಿ ಸೆಕೆಂಡಿಗೆ ೪೪,೧೦೦ ಅಂಕಿಗಳು ಬೇಕಾಗುತ್ತವೆ. ಇಂತಹ ಒಂದೊಂದು ಅಂಕಿಯನ್ನು ‘ಮಾದರಿ’ ಎಂದು ಕರೆಯೋಣ. ಮ್ಯಾಥ್ಯೂಸರ ವಂಶದಲ್ಲಿ ಹುಟ್ಟಿದ ಭಾಷೆಗಳು ಹಲವು. ಅವುಗಳಲ್ಲಿ ಎಂಐಟಿ ಸಂಸ್ಥೆಯ ಬ್ಯಾರಿ ವರ್ಕೋ ಅವರು ೧೯೮೬ರ ಸುಮಾರಿಗೆ ಹೊರತಂದ ‘ಸಿ-ಸೌಂಡ್’ ಇಂದಿಗೂ ಬಳಕೆಯಲ್ಲಿದೆ. ಅದಕ್ಕೆ ಬೆಲೆಯಿಲ್ಲ, ಸಾಧಾರಣ ಗಣಕದಲ್ಲಿಯೇ ಅದು ನಡೆಯುತ್ತದೆ. ನಾವು ಬಳಸಿದ್ದು ಅದನ್ನೇ.

ಸಿ-ಸೌಂಡ್‌ನಲ್ಲಿ ಬರವಣಿಗೆಯು ಎರಡು ಭಾಗವಾಗಿರುತ್ತದೆ. ಒಂದು ಭಾಗದಲ್ಲಿ ವಾದ್ಯವನ್ನು ಕಟ್ಟುತ್ತೇವೆ. ಇನ್ನೊಂದರಲ್ಲಿ ಆ ವಾದ್ಯವನ್ನು ಯಾವಾಗ, ಹೇಗೆ ನುಡಿಸಬೇಕೆಂಬ ಪಟ್ಟಿಯನ್ನು ಕೊಡುತ್ತೇವೆ. ಪಟ್ಟಿಯ ಒಂದೊಂದು ಸಾಲೂ ಒಂದೊಂದು ಸ್ವರ. ಸಾಲಿನಲ್ಲಿರುವ ಅಂಕಿಗಳಿಗೆ ಕ್ರಮವಾಗಿ ಪಿ-೧, ಪಿ-೨, ಪಿ-೩ ಎಂದು ಹೆಸರು. ಪಿ-೧ ವಾದ್ಯದ ಸಂಖ್ಯೆ. ಪಿ-೨ ಸ್ವರವು ಆರಂಭವಾಗುವ ಕಾಲ. ಪಿ-೩ ಅದು ನಿಲ್ಲುವ ಅವಧಿ. ನಾಲ್ಕನೆಯದರಿಂದ ಮುಂದಿನವುಗಳಿಗೆ ಏನು ಅರ್ಥವೆಂಬುದನ್ನು ಬರೆಯುವವನೇ ನಿಶ್ಚಯಿಸಬೇಕು. ೧, ೦, ೪, ೦.೩, ೨೪೦ ಎಂಬ ಸಾಲನ್ನು ತೆಗೆದುಕೊಳ್ಳಿ. ಪಿ-೪ ಎಂದರೆ ಕಂಪನದ ವಿಸ್ತಾರ, ಪಿ-೫ ಎಂದರೆ ಆವೃತ್ತಿ ಎಂದು ನಾವು ಗೊತ್ತುಮಾಡಿಕೊಂಡಿದ್ದರೆ, ಒಂದನೆಯ ವಾದ್ಯವು ಸೊನ್ನೆಯ ಕಾಲದಲ್ಲಿ ಆರಂಭಿಸಿ, ನಾಲ್ಕು ಸೆಕೆಂಡುಗಳವರೆಗೆ, ೦.೩ರಷ್ಟು ವಿಸ್ತಾರದಲ್ಲಿ, ೨೪೦ ಹರ್ಟ್ಸ್ ಷಡ್ಜವನ್ನು ನುಡಿಯಬೇಕೆಂದು ಅದರ ತಾತ್ಪರ್ಯ. ಈ ‘ಪಿ’ ಎಂಬುವೇ ನಿಯತಾಂಕಗಳು, ಎಂದರೆ ಪ್ಯಾರಾಮೀಟರುಗಳು.

ವಾದ್ಯದ ಒಳಗೆ ಲೆಕ್ಕವು ನಡೆಯುವಾಗ ಬೆಲೆಗಳನ್ನು ಇರಿಸಿಕೊಳ್ಳಲು ಹೆಸರುಗಳು ಬೇಕು, ಅವೇ ಚರಗಳು. ನಿಯತಾಂಕವು ಹೊರಗಿನಿಂದ ಕೈಗೆ ಬರುವ ಬೆಲೆ. ಚರವು ಒಳಗೆ ಬೆಲೆಯನ್ನು ಹೊತ್ತು ನಡೆಯುವ ಹೆಸರು. ಪಂಚಮಕ್ಕಾಗಿ ೩೬೦ ಹರ್ಟ್ಸ್‌ನ ಇನ್ನೊಂದು ಸಾಲನ್ನು ಅದೇ ಕಾಲಕ್ಕೆ ಬರೆದರೆ, ಒಂದೇ ವಾದ್ಯದ ಎರಡು ಪ್ರತಿಗಳು ಕೂಡಿಯೇ ನುಡಿಯುತ್ತವೆ. ಷಡ್ಜದ ಚರಗಳು ಷಡ್ಜಕ್ಕೆ, ಪಂಚಮದ ಚರಗಳು ಪಂಚಮಕ್ಕೆ, ಒಂದನ್ನೊಂದು ಮುಟ್ಟುವುದಿಲ್ಲ. ತರಗತಿಯಲ್ಲಿ ಒಬ್ಬೊಬ್ಬ ವಿದ್ಯಾರ್ಥಿಗೂ ತನ್ನದೇ ನೋಟುಪುಸ್ತಕ ಇರುವಂತೆ ಇದು. ಎಲ್ಲರೂ ನೋಡಬೇಕಾದ ಬೆಲೆಯಿದ್ದರೆ ಹೆಸರಿನ ಮುಂದೆ ‘ಜಿ’ ಎಂಬ ಅಕ್ಷರವನ್ನು ಸೇರಿಸಬೇಕು. ಅದು ಕರಿಹಲಗೆಯಿದ್ದಂತೆ: ಒಬ್ಬನು ಅಳಿಸಿ ಬರೆದರೆ ಎಲ್ಲರಿಗೂ ಬದಲಾಗುತ್ತದೆ.

ಇನ್ನು ಈ ಭಾಷೆಯ ಮುಖ್ಯವಾದ ವಿಶೇಷವನ್ನು ಹೇಳಬೇಕು. ಇಲ್ಲಿ ಚರದ ಹೆಸರಿನ ಮೊದಲ ಅಕ್ಷರವೇ ಅದರ ಬೆಲೆ ಎಷ್ಟು ಬೇಗ ಬದಲಾಗಬಹುದೆಂಬುದನ್ನು ಸಾರುತ್ತದೆ. ‘ಐ’ ಎಂದು ಆರಂಭವಾದರೆ ಬೆಲೆಯು ಸ್ವರದ ಆರಂಭದಲ್ಲಿ ಒಮ್ಮೆ ನಿಶ್ಚಯವಾಗಿ, ಸ್ವರವು ಮುಗಿಯುವವರೆಗೆ ಹಾಗೆಯೇ ನಿಲ್ಲುತ್ತದೆ. ‘ಕೆ’ ಎಂದಾದರೆ ಕೆಲವು ಮಾದರಿಗಳಿಗೊಮ್ಮೆ ಹೊಸದಾಗಿ ಲೆಕ್ಕವಾಗುತ್ತದೆ. ಹತ್ತು ಮಾದರಿಗಳಿಗೊಮ್ಮೆ ಎಂದು ಇಟ್ಟುಕೊಂಡರೆ ಸೆಕೆಂಡಿಗೆ ೪,೪೧೦ ಸಲ. ‘ಎ’ ಎಂದಾದರೆ ಪ್ರತಿಯೊಂದು ಮಾದರಿಗೂ, ಎಂದರೆ ಸೆಕೆಂಡಿಗೆ ೪೪,೧೦೦ ಸಲ. ಕಿವಿಗೆ ಬೀಳುವ ತರಂಗವು ‘ಎ’. ಅದನ್ನು ಏರಿಸಿ ಇಳಿಸಿ ನಡೆಸುವ ಕೈ ‘ಕೆ’. ನುಡಿಸುವ ಮೊದಲೇ ಮಾಡಿಕೊಂಡ ನಿಶ್ಚಯ ‘ಐ’.

ಬಿಡದಿಯವರಿಗೆ ಇದನ್ನು ತಿಳಿಸಲು ತಟ್ಟೆ ಇಡ್ಲಿಗಿಂತ ಒಳ್ಳೆಯ ದೃಷ್ಟಾಂತ ಬೇರೆ ಬೇಡ. ಅಕ್ಕಿ ಇಷ್ಟು, ಉದ್ದು ಇಷ್ಟು ಎಂಬುದು ಹಿಂದಿನ ದಿನ ರುಬ್ಬುವಾಗಲೇ ಗೊತ್ತಾಗಿಬಿಡುತ್ತದೆ; ಆ ದಿನದ ಇಡ್ಲಿಗಳಿಗೆಲ್ಲ ಅದು ಒಂದೇ. ಒಂದೊಂದು ತಟ್ಟೆಗೆ ಎಷ್ಟು ಹಿಟ್ಟು ಎಂಬುದು ಹೊಯ್ಯುವ ಗಳಿಗೆಯಲ್ಲಿ ನಿಶ್ಚಯವಾಗುತ್ತದೆ. ಮುಚ್ಚಳ ಹಾಕಿದ ಮೇಲೆ ಅದನ್ನು ತಿದ್ದುವಂತಿಲ್ಲ. ಉರಿಯನ್ನು ಮಾತ್ರ ಬೇಯುತ್ತಿರುವಾಗಲೂ ಹೆಚ್ಚು ಕಡಿಮೆ ಮಾಡುತ್ತಿರಬಹುದು. ಒಳಗೆ ಹಬೆಯ ಕಣಗಳ ಓಡಾಟವಂತೂ ಕ್ಷಣ ಕ್ಷಣಕ್ಕೂ ಬೇರೆ. ಅದನ್ನು ಯಾರೂ ಕೈಯಿಂದ ನಡೆಸುವುದಿಲ್ಲ, ಉರಿಯ ಮೂಲಕ ನಡೆಸುತ್ತಾರೆ. ಅಡುಗೆ ಬಲ್ಲವರಿಗೆ ಯಾವುದನ್ನು ಯಾವಾಗ ತಿದ್ದಬಹುದೆಂಬುದು ಗೊತ್ತು. ಸೂತ್ರ ಬಲ್ಲವರಿಗೂ ಅದು ಗೊತ್ತಿರಬೇಕು ಎಂಬುದೇ ನಮ್ಮ ವಾದ.

ಇದನ್ನು ನಾವು ಕಲಿತದ್ದು ಒಂದು ತಪ್ಪಿನಿಂದ. ಭಜನೆಯ ಮನೆಯಲ್ಲಿ ಬೆಳೆದ ವಿದ್ಯಾರ್ಥಿಯೊಬ್ಬನು, ತನಗೆ ಬರುತ್ತಿದ್ದ ಒಂದು ಹಾಡಿನ ಸ್ವರಗಳನ್ನು ಪಟ್ಟಿಯಾಗಿ ಬರೆದು ತಂದನು. ಷಡ್ಜಕ್ಕೆ ೨೪೦, ರಿಷಭಕ್ಕೆ ೨೭೦, ಗಾಂಧಾರಕ್ಕೆ ೩೦೦. ಅಂಕಿಗಳು ಸರಿಯಾಗಿದ್ದವು, ಕಾಲವೂ ಸರಿಯಾಗಿತ್ತು. ನುಡಿಸಿದಾಗ ಮಾತ್ರ ಅದು ಹಾಡಾಗಿರಲಿಲ್ಲ. “ಸ್ವರ ಇದೆ ಸಾರ್, ರಾಗ ಇಲ್ಲ” ಎಂದನು ಹುಡುಗ. ಗಾಂಧಾರವು ನಿಂತ ನೆಲೆಯಲ್ಲಿ ಅಲುಗಬೇಕಾಗಿತ್ತು. ಅದು ಮೊಳೆ ಹೊಡೆದಂತೆ ನಿಂತಿತ್ತು. ಹಾಗಾದರೆ ಆ ನಾಲ್ಕು ಸೆಕೆಂಡುಗಳ ಗಾಂಧಾರವನ್ನು ನಲವತ್ತು ತುಂಡು ಮಾಡಿ, ಒಂದೊಂದು ತುಂಡಿಗೂ ಬೇರೆ ಬೇರೆ ಆವೃತ್ತಿಯನ್ನು ಕೊಡು, ಎಂದು ನಾವು ಸಲಹೆ ಮಾಡಿದೆವು. ಅವನು ಪಾಪ, ಸಂಜೆಯವರೆಗೆ ಕುಳಿತು ನಲವತ್ತು ಸಾಲುಗಳನ್ನು ಬರೆದನು. ಕೇಳಿದರೆ ತಗಡಿನ ಮೇಲೆ ಅಕ್ಕಿ ಚೆಲ್ಲಿದಂತೆ ಟಕಟಕ ಸದ್ದು! ಒಂದು ತುಂಡಿನ ತರಂಗವು ನಡುದಾರಿಯಲ್ಲಿ ಕಡಿದುಹೋಗಿ, ಮುಂದಿನದು ಸೊನ್ನೆಯಿಂದ ಹೊಸದಾಗಿ ಆರಂಭವಾಗುತ್ತಿತ್ತು. ಒಂದೊಂದು ಕಡಿತವೂ ಕಿವಿಗೆ ಒಂದೊಂದು ಟಕ್ ಎನ್ನುವ ಶಬ್ದವಾಗಿತ್ತು.

ಸಲಹೆ ನಮ್ಮದು, ತಪ್ಪೂ ನಮ್ಮದು. ಆವೃತ್ತಿಯು ಸ್ವರದ ಆರಂಭದಲ್ಲಿ ಒಮ್ಮೆ ನಿಶ್ಚಯವಾಗುವ ನಿಯತಾಂಕವೆಂದು ನಾವು ಯೋಚಿಸದೆಯೇ ಒಪ್ಪಿಕೊಂಡಿದ್ದೆವು. ಅದನ್ನು ‘ಐ’ಯಿಂದ ‘ಕೆ’ಗೆ ಏರಿಸಿ, ಚಲಿಸುವ ಚರವನ್ನಾಗಿ ಮಾಡಿದರೆ ಸಾಕಾಗಿತ್ತು. ಮರುದಿನ ಹಾಗೆಯೇ ಮಾಡಿದೆವು. ೩೦೦ ಹರ್ಟ್ಸ್‌ನ ಮೇಲೆ ಕೆಳಗೆ ೧೫ ಹರ್ಟ್ಸ್‌ನಷ್ಟು, ಸೆಕೆಂಡಿಗೆ ೫ ಸಲ ತೂಗುವ ಆವೃತ್ತಿ. ಸ್ವರ ಒಂದೇ, ಸಾಲೂ ಒಂದೇ. ಟಕಟಕ ಸದ್ದು ಅಡಗಿತು, ಗಾಂಧಾರವು ಅಲುಗಿತು. ಅದು ನಿಜವಾದ ಗಮಕವೆಂದು ನಾವು ಹೇಳುವುದಿಲ್ಲ. ಹೀಗೆ ಲೋಲಕದಂತೆ ತೂಗುವುದು ಯಾವ ವಿದ್ವಾಂಸರ ತೋಡಿಯ ಗಾಂಧಾರವೂ ಅಲ್ಲ. ಅದಕ್ಕೆ ಇನ್ನೂ ಸೂಕ್ಷ್ಮವಾದ ರೇಖೆಯನ್ನು ಎಳೆಯಬೇಕು. ಆದರೆ ದಾರಿಯು ಸರಿಯಾದುದಾಗಿತ್ತು.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ಆವೃತ್ತಿಯು ಚರವಾದ ಕೂಡಲೆ ನಿಯತಾಂಕಗಳು ಮಾಯವಾಗಲಿಲ್ಲ. ಎಷ್ಟು ಅಗಲವಾಗಿ ತೂಗಬೇಕು, ಎಷ್ಟು ಬೇಗ ತೂಗಬೇಕು ಎಂಬ ಎರಡು ಹೊಸ ನಿಯತಾಂಕಗಳು ಪಿ-೬, ಪಿ-೭ ಎಂದು ಪಟ್ಟಿಗೆ ಬಂದು ಸೇರಿದವು. ಚರದ ಚಲನೆಯನ್ನು ಆಳುವುದೇ ನಿಯತಾಂಕದ ಕೆಲಸ. ಆ ನಿಯತಾಂಕವನ್ನೂ ಚಲಿಸುವಂತೆ ಮಾಡಿದರೆ ಅದನ್ನು ಆಳಲು ಇನ್ನೊಂದು ನಿಯತಾಂಕ ಬೇಕಾಗುತ್ತದೆ. ಆದುದರಿಂದ ಯಾವ ಪರಿಮಾಣವೂ ಹುಟ್ಟಿನಿಂದಲೇ ಚರವೂ ಅಲ್ಲ, ನಿಯತಾಂಕವೂ ಅಲ್ಲ. ನಾವು ಯಾವ ಕಾಲದ ಅಳತೆಯಿಂದ ನೋಡುತ್ತೇವೆ ಎಂಬುದನ್ನು ಅದು ಅವಲಂಬಿಸಿದೆ. ಲೋಲಕದ ಲೆಕ್ಕದಲ್ಲಿ ಉದ್ದವು ನಿಯತಾಂಕವೆಂದು ಓದುತ್ತೇವಷ್ಟೆ; ಉಯ್ಯಾಲೆಯ ಮೇಲೆ ನಿಂತ ಹುಡುಗಿಯು ಸರಿಯಾದ ಗಳಿಗೆಯಲ್ಲಿ ಕುಗ್ಗಿ ಏಳುತ್ತ ಆ ಉದ್ದವನ್ನೇ ಬದಲಿಸಿ, ಯಾರೂ ತಳ್ಳದಿದ್ದರೂ ಉಯ್ಯಾಲೆಯನ್ನು ಎತ್ತರಕ್ಕೆ ಒಯ್ಯುತ್ತಾಳೆ.

ಸ್ಥಿರವೆಂದು ತಿಳಿದದ್ದು ಚಲಿಸುತ್ತಿತ್ತು ಎಂಬ ತಿಳಿವು ವಿಜ್ಞಾನಿಗಳಿಗೂ ತಡವಾಗಿಯೇ ಆದದ್ದುಂಟು. ತುತ್ತೂರಿಯ ನಾದಗುಣಕ್ಕೆ ಅದರ ಉಪಸ್ವರಗಳ ಪ್ರಮಾಣವೇ ಕಾರಣ, ಆ ಪ್ರಮಾಣವು ಒಂದು ಗೊತ್ತಾದ ಪಾಕದಂತೆ ಎಂದು ಬಹುಕಾಲ ನಂಬಿದ್ದರು. ಆ ಪಾಕದಂತೆ ಬೆರೆಸಿದ ನಾದವು ತುತ್ತೂರಿಯಾಗಿ ಕೇಳಿಸಲೇ ಇಲ್ಲ. ೧೯೬೦ರ ದಶಕದ ನಡುವೆ ಬೆಲ್ ಪ್ರಯೋಗಾಲಯದಲ್ಲಿ ಫ್ರಾನ್ಸಿನ ಜಾನ್ ಕ್ಲೋಡ್ ರಿಸ್ಸೆ ಎಂಬವರು ಗಣಕದ ನೆರವಿನಿಂದ ಪರೀಕ್ಷಿಸಿ, ಒಂದೊಂದು ಉಪಸ್ವರವೂ ತನ್ನದೇ ರೀತಿಯಲ್ಲಿ ಕಾಲದೊಡನೆ ಏರಿಳಿಯುತ್ತದೆಂದೂ, ನಾದವು ಬಲವಾದಂತೆ ಮೇಲಿನ ಉಪಸ್ವರಗಳ ಪಾಲು ಹೆಚ್ಚುತ್ತದೆಂದೂ ತೋರಿಸಿದರು. ‘ಐ’ ಎಂದುಕೊಂಡದ್ದು ‘ಕೆ’ ಆಗಿತ್ತು!

ನಮ್ಮ ವಾದ್ಯಗಳನ್ನು ಈ ಕಣ್ಣಿನಿಂದ ನೋಡಿದರೆ ಹೊಸದೊಂದು ವರ್ಗೀಕರಣವೇ ತೋರುತ್ತದೆ. ಬಿಡದಿಯಿಂದ ಮೈಸೂರಿನ ಕಡೆಗೆ ಹೊರಟರೆ ರಾಮನಗರದ ಬಳಿ, ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಸಿಕ್ಕುತ್ತದೆ. ಅಲ್ಲಿ ಕೂಡಿಟ್ಟಿರುವ ವಾದ್ಯಗಳ ಮುಂದೆ ವಿದ್ಯಾರ್ಥಿಗಳನ್ನು ನಿಲ್ಲಿಸಿ, ಇದರಲ್ಲಿ ನುಡಿಸುವ ಮೊದಲೇ ಗೊತ್ತಾಗುವುದು ಯಾವುದು, ನುಡಿಸುವಾಗ ಬದಲಾಗುವುದು ಯಾವುದು, ಎಂದು ಕೇಳುವುದು ನಮ್ಮ ವಾಡಿಕೆ. ಏಕತಾರಿಯ ತಂತಿಯನ್ನು ಹಾಡುವ ಮೊದಲೇ ಬಿಗಿದುಕೊಳ್ಳುತ್ತಾರೆ. ಆಮೇಲೆ ಎಳೆತವು ಹಾಡು ಮುಗಿಯುವವರೆಗೆ ಬದಲಾಗದು. ಉತ್ತರ ಕರ್ನಾಟಕದಲ್ಲಿ ಎಲ್ಲಮ್ಮನ ಭಕ್ತರು ನುಡಿಸುವ ಚೌಡಿಕೆಯಲ್ಲಾದರೋ ತಂತಿಯನ್ನು ಮೀಟುತ್ತಲೇ ಎಳೆತವನ್ನು ಹೆಚ್ಚು ಕಡಿಮೆ ಮಾಡುತ್ತಾರೆ. ನಾದವು ಮಾತಾಡಿದಂತೆ ಬಾಗುವುದು ಅದರಿಂದಲೇ. ಸೂತ್ರದಲ್ಲಿ ಅಕ್ಷರ ಒಂದೇ. ಒಂದು ವಾದ್ಯದಲ್ಲಿ ಅದು ‘ಐ’, ಇನ್ನೊಂದರಲ್ಲಿ ‘ಕೆ’.

ವೀಣೆಯ ವಾದಕರು ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಜಗ್ಗುವುದೂ ಇದೇ ತತ್ತ್ವ. ಷಡ್ಜದಿಂದ ರಿಷಭಕ್ಕೆ, ಎಂದರೆ ೨೪೦ರಿಂದ ೨೭೦ಕ್ಕೆ, ಏರಬೇಕಾದರೆ ಆವೃತ್ತಿಯು ಎಂಟಕ್ಕೆ ಒಂಬತ್ತರಂತೆ ಹೆಚ್ಚಬೇಕು. ಎಳೆತವು ಅದರ ವರ್ಗದಂತೆ, ೬೪ಕ್ಕೆ ೮೧ರಂತೆ, ಸುಮಾರು ಶೇಕಡ ೨೭ರಷ್ಟು ಹೆಚ್ಚಬೇಕು. ಅಷ್ಟನ್ನು ಬೆರಳು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ ಮುಗಿಸುತ್ತದೆ. ಹಾರ್ಮೋನಿಯಂನ ಸ್ಥಿತಿ ಬೇರೆ. ಅದರಲ್ಲಿ ತಿದಿಯ ಮೂಲಕ ನಾದದ ಬಲವನ್ನು ಹೆಚ್ಚಿಸಿ ತಗ್ಗಿಸಬಹುದು. ಆದರೆ ರೀಡಿನ ಆವೃತ್ತಿಯು ಕಾರ್ಖಾನೆಯಲ್ಲಿಯೇ ನಿಶ್ಚಯವಾಗಿದೆ. ಗಮಕವನ್ನು ನುಡಿಸಲಾರದೆಂಬುದು ಅದರ ಮೇಲಿದ್ದ ದೊಡ್ಡ ದೂರು. ೧೯೪೦ರಲ್ಲಿ ಆಲ್ ಇಂಡಿಯಾ ರೇಡಿಯೊ ಅದನ್ನು ತನ್ನ ಸಂಗೀತದಿಂದ ಹೊರಗಿಟ್ಟಿತು. ೧೯೭೧ರವರೆಗೆ ಆ ನಿಷೇಧವು ಸಡಿಲವಾಗಲಿಲ್ಲ. ನಮ್ಮ ಹುಡುಗನು ಬರೆದ ಮೊದಲ ಪಟ್ಟಿಯು ಹಾರ್ಮೋನಿಯಂ ಆಗಿತ್ತು; ಅವನ ಕಿವಿ ಕೇಳುತ್ತಿದ್ದದ್ದು ವೀಣೆಯನ್ನು.

ತಂಬೂರಿಯು ಇನ್ನೂ ಒಂದು ಮೆಟ್ಟಿಲು ಮುಂದೆ ಹೋಗುತ್ತದೆ. ಅದರ ಬಿರಡೆಯನ್ನು ತಿರುಗಿಸಿ ಶ್ರುತಿ ಮಾಡಿದ ಮೇಲೆ ಎಳೆತವು ‘ಐ’. ಆದರೆ ಉದ್ದ? ತಂಬೂರಿಯ ಕುದುರೆಯು ಅಗಲವಾಗಿ, ನವಿರಾಗಿ ಬಾಗಿರುತ್ತದೆ. ತಂತಿಯ ಕೆಳಗೆ ಜೀವಾಳದ ದಾರವಿರುತ್ತದೆ. ತಂತಿಯು ಕಂಪಿಸುವಾಗ ಕುದುರೆಯ ಬಾಗನ್ನು ಮುಟ್ಟುತ್ತ, ಬಿಡುತ್ತ ಇರುವುದರಿಂದ ಅದರ ಕಂಪಿಸುವ ಭಾಗದ ಉದ್ದವು ಒಂದೊಂದು ಕಂಪನದೊಳಗೂ ಬದಲಾಗುತ್ತದೆ. ಸೂತ್ರದಲ್ಲಿ ನಾವು ಸ್ಥಿರವೆಂದು ಬರೆಯುವ ಅಕ್ಷರವು ಇಲ್ಲಿ ‘ಎ’ ಆಗಿದೆ! ಸಿ. ವಿ. ರಾಮನ್ ಅವರು ಕಲ್ಕತ್ತೆಯಲ್ಲಿದ್ದಾಗ, ೧೯೨೧ರಲ್ಲಿ, ವೀಣೆ ತಂಬೂರಿಗಳ ಈ ವೈಚಿತ್ರ್ಯವನ್ನು ಕುರಿತು ಬರೆದರು. ಯಾವುದಾದರೊಂದು ಉಪಸ್ವರದ ನಿಶ್ಚಲ ಬಿಂದುವಿನಲ್ಲಿ ತಂತಿಯನ್ನು ಮೀಟಿದರೆ ಆ ಉಪಸ್ವರವು ಕೇಳಬಾರದೆಂಬುದು ಪುಸ್ತಕದ ನಿಯಮ. ಈ ವಾದ್ಯಗಳಲ್ಲಿ ಅದು ಚೆನ್ನಾಗಿಯೇ ಕೇಳುತ್ತದೆ ಎಂಬುದನ್ನು ಅವರು ಎತ್ತಿ ತೋರಿಸಿದರು. ನಿಯಮವು ಸುಳ್ಳಲ್ಲ. ತಂತಿಯ ತುದಿಗಳು ಅಲುಗದೆ ನಿಂತಿವೆ ಎಂದು ಒಪ್ಪಿಕೊಂಡು ಮಾಡಿದ ನಿಯಮವದು. ತಂಬೂರಿಯ ಕುದುರೆಯು ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ.

ಇಷ್ಟನ್ನು ಹೇಳಿದ ಮೇಲೆ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಮಂಡಿಸಬಹುದು. ಪ್ರೌಢಶಾಲೆಯ ಮೇಲಿನ ತರಗತಿಗಳಲ್ಲಿ ಮತ್ತು ಕಾಲೇಜುಗಳಲ್ಲಿ ಶಬ್ದದ ಪಾಠದೊಡನೆ ಇಂತಹ ಒಂದು ಭಾಷೆಯನ್ನು ಪ್ರಯೋಗವಾಗಿ ಸೇರಿಸಬೇಕು. ಇದು ಗಣಕಶಾಸ್ತ್ರದವರ ಕೆಲಸ, ಭೌತಶಾಸ್ತ್ರದವರಿಗೇಕೆ, ಎಂದು ಕೆಲವರು ಕೇಳಬಹುದು. ಗಣಕಶಾಸ್ತ್ರದ ಪಾಠದಲ್ಲಿ ಚರವೆಂದರೆ ಬೆಲೆಯನ್ನಿಡುವ ಪೆಟ್ಟಿಗೆ. ಆ ಬೆಲೆ ಎಷ್ಟು ಹೊತ್ತು ನಿಲ್ಲಬೇಕೆಂಬುದು ನಿಸರ್ಗವನ್ನು ಕುರಿತ ಪ್ರಶ್ನೆ. ಅದನ್ನು ಕೇಳಬೇಕಾದವರು ನಾವೇ. ಪಠ್ಯವು ಈಗಾಗಲೇ ಭಾರವಾಗಿದೆ ಎಂಬ ಆಕ್ಷೇಪವು ನ್ಯಾಯವಾದುದು. ಆದರೆ ನಾವು ಕೇಳುತ್ತಿರುವುದು ಹೊಸ ಅಧ್ಯಾಯವನ್ನಲ್ಲ. ಇರುವ ಅಧ್ಯಾಯಕ್ಕೆ ಕಿವಿಯನ್ನು. ಎರಡು ಪ್ರಯೋಗದ ತರಗತಿಗಳು ಸಾಕು.

ಇನ್ನೊಂದು ಮಾತು ಈಚೆಗೆ ಹೆಚ್ಚಾಗಿ ಕೇಳಿಬರುತ್ತಿದೆ. ಬೇಕಾದ ಪ್ರೋಗ್ರಾಮನ್ನು ಕೃತಕ ಬುದ್ಧಿಮತ್ತೆಯ ಯಂತ್ರವೇ ಬರೆದುಕೊಡುತ್ತದೆ, ನಾವು ಕಲಿಯುವುದೇಕೆ ಎಂಬುದೇ ಅದು. ಬರೆದುಕೊಡುತ್ತದೆ, ನಿಜ. ಅದು ಬರೆದದ್ದು ಹಾರ್ಮೋನಿಯಂ ಆಗಿ ಕೇಳಿಸಿದಾಗ, ಯಾವ ಅಕ್ಷರವನ್ನು ಮೇಲಿನ ಮೆಟ್ಟಿಲಿಗೆ ಏರಿಸಬೇಕೆಂದು ತಿಳಿಯದವನು ಅಂಕಿಗಳನ್ನು ಕುರುಡಾಗಿ ತಿರುಗಿಸುತ್ತ ಕೂಡುತ್ತಾನೆ. “ರಾಗ ಇಲ್ಲ” ಎಂದು ಹೇಳಲು ಒಂದು ಕಿವಿ ಬೇಕು. ಏಕೆ ಇಲ್ಲ ಎಂದು ಹೇಳಲು ಚರ ಯಾವುದು, ನಿಯತಾಂಕ ಯಾವುದು ಎಂಬ ವಿವೇಕ ಬೇಕು. ಸ್ವರವೆಂದರೆ ಒಂದು ಅಂಕಿ ಎಂಬ ಭಾವನೆಯಿಂದ ಸಿದ್ಧವಾದ ಅಚ್ಚುಗಳು ಇಂದು ಎಲ್ಲೆಲ್ಲಿಯೂ ಸುಲಭವಾಗಿ ದೊರೆಯುತ್ತವೆ. ಭಾಷೆಯ ದೋಷವಲ್ಲ ಅದು; ಸಿ-ಸೌಂಡ್ ಆವೃತ್ತಿಯನ್ನು ಚಲಿಸಬೇಡವೆಂದು ಎಂದೂ ಹೇಳಿಲ್ಲ. ಕೇಳದೆ ಒಪ್ಪಿಕೊಂಡ ನಮ್ಮದು ದೋಷ. ಹಾಗೆ ಒಪ್ಪುತ್ತಲೇ ಹೋದರೆ, ನಮ್ಮ ಸಂಗೀತದ ಜೀವವಾದ ಗಮಕವು ಅಚ್ಚಿಗೆ ಹಿಡಿಯದ ಹೆಚ್ಚುವರಿ ಹಿಟ್ಟಿನಂತೆ ಹೊರಗೆ ಚೆಲ್ಲಿಹೋಗುತ್ತದೆ.

ಆದುದರಿಂದ ವಿದ್ಯಾರ್ಥಿ ಮಿತ್ರರಲ್ಲಿ ನಮ್ಮದೊಂದು ಸೂಚನೆ. ಮುಂದಿನ ಬಾರಿ ಯಾವ ಸೂತ್ರವನ್ನು ಬರೆದುಕೊಂಡರೂ, ಅದು ತಂತಿಯದಾಗಲಿ, ಲೋಲಕದ್ದಾಗಲಿ, ವಿದ್ಯುತ್ತಿನದಾಗಲಿ, ಒಂದೊಂದು ಅಕ್ಷರದ ಕೆಳಗೂ ‘ಐ’, ‘ಕೆ’, ‘ಎ’ ಎಂದು ಪೆನ್ಸಿಲಿನಿಂದ ಗುರುತು ಹಾಕಿ ನೋಡಿ. ಗುರುತು ಹಾಕಲು ಯಾವ ಅಕ್ಷರದ ಬಳಿ ಕೈ ತಡೆಯುವುದೋ ಅಲ್ಲಿ ನಿಮಗೆ ತಿಳಿಯದ ಭೌತಶಾಸ್ತ್ರವಿದೆ. ಅದನ್ನು ಮರುದಿನ ನಿಮ್ಮ ಅಧ್ಯಾಪಕರಲ್ಲಿ ಕೇಳಿ. ಅವರೂ ಸ್ವಲ್ಪ ತಡವರಿಸಿದರೆ ಬೇಸರಪಡಬೇಡಿ. ನಾವೂ ತಡವರಿಸಿಯೇ ಕಲಿತವರು.